ಕೊನೆಯ ಗಾಡಿಯ ಕೋಲು

ತಪ್ಪೆಲ್ಲ ಒಂದು ಕೆಂಪು ಕೋಲಿನದು. ರಸ್ತೆ ದುರಸ್ತಿಗೆಂದು ಅರ್ಧ ದಾರಿ ಅಗೆದು ಹಾಕಿದ್ದರು. ಉಳಿದರ್ಧದಲ್ಲಿ ಒಂದು ಕಡೆಯ ಗಾಡಿಗಳು ಹೋದ ಮೇಲೆ ಇನ್ನೊಂದು ಕಡೆಯವು ಬರಬೇಕು. ನಡುವೆ ತಿರುವು, ಈ ತುದಿಗೆ ಆ ತುದಿ ಕಾಣದು, ಫೋನಿಗೆ ಸಿಗ್ನಲ್ ಸಿಗದು. ಹಾಗಾಗಿ ಕೊನೆಯ ಗಾಡಿಯವರ ಕೈಯಲ್ಲಿ ಕೋಲು ಕಳಿಸುವುದು. ಅದು ಕೈಸೇರಿದರೆ ದಾರಿ ಖಾಲಿ ಎಂದು ಆ ತುದಿಯಲ್ಲಿ ಗಾಡಿ ತಡೆದು ನಿಂತವನಿಗೆ ಗೊತ್ತಾಗುತ್ತಿತ್ತು.

ಈ ತುದಿಯಲ್ಲಿ ‘ನಿಲ್ಲಿ’ ಎಂಬ ಫಲಕ ಹಿಡಿದು ನಿಂತವನನ್ನು ಎಲ್ಲರೂ ನಿಲ್ಲಣ್ಣ ಎನ್ನುತ್ತಿದ್ದರು. ಬೆಳಗಿನ ಬಸ್ಸು ಬಂತೆಂದರೆ, ಹಿಂದೆ ಎಷ್ಟೇ ಗಾಡಿಗಳಿರಲಿ, ಬಸ್ಸನ್ನೇ ಕೊನೆಯದು ಮಾಡುತ್ತಿದ್ದ. ಕಿಟಕಿಯ ಪಕ್ಕ ಹೊಲಿಗೆ ಅಂಗಡಿಯವಳು ಕೂತಿರುತ್ತಿದ್ದಳು, ಕೊರಳಲ್ಲಿ ತೆಗೆಯಲು ಮರೆತ ಅಳತೆ ಟೇಪು. ಕೋಲನ್ನು ಅವಳ ಕೈಗೇ ಕೊಡುತ್ತಿದ್ದ.

“ಕೊಡ್ತೀನಿ ಬಿಡಿ” ಎನ್ನುತ್ತಿದ್ದಳು. ಅಷ್ಟು ಮಾತಿಗಾಗಿ ಅವನು ಹಿಂದಿನ ಸಂಜೆಯಿಂದ ಕಾಯುತ್ತಿದ್ದ. ಭಾನುವಾರ ಎಂದರೆ ಅವನಿಗೆ ಆಗುತ್ತಿರಲಿಲ್ಲ.

ಇವತ್ತು ಡಾಂಬರಿನ ಕೊನೆಯ ದಿನ. ನಾಳೆ ರಸ್ತೆ ಸಲೀಸಾಗುತ್ತದೆ, ಬಸ್ಸು ನಿಲ್ಲುವುದಿಲ್ಲ. ಊರಿಗೆಲ್ಲ ರಸ್ತೆ ಬೇಗ ಆಗಲಿ ಎಂಬ ಆಸೆ, ಇವನೊಬ್ಬನಿಗೆ ಬೇಡ.

“ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ಬೇಡ. ನೇರ ಕೇಳಿಬಿಡು” ಎಂದು ಪಕ್ಕದ ಶೆಡ್ಡಿನ ಕ್ಷೌರಿಕ ಬೆಳಿಗ್ಗೆಯೇ ಅವನ ಗಡ್ಡ ನುಣ್ಣಗೆ ಮಾಡಿ ಕಳಿಸಿದ್ದ.

ಬಸ್ಸು ಬಂತು. ಅವಳು ಕೈ ಚಾಚಿದಳು.

“ನಾಳೆಯಿಂದ...” ಎಂದ ನಿಲ್ಲಣ್ಣ, ಕೋಲನ್ನು ಕೊಡದೆ ಹಿಡಿದುಕೊಂಡೇ.

“ನಾಳೆಯಿಂದ ಏನು?”

ಡ್ರೈವರ್ ಕಾದು ಸಾಕಾಗಿ ಬಸ್ಸು ಬಿಟ್ಟೇಬಿಟ್ಟ. ಕೋಲು ನಿಲ್ಲಣ್ಣನ ಕೈಯಲ್ಲೇ ಉಳಿಯಿತು.

ಕೋಲು ಮುಟ್ಟದೆ ಆ ತುದಿಯವನು ಗಾಡಿ ಬಿಡುವಂತಿಲ್ಲ. ಫಲಕವನ್ನು ಕ್ಷೌರಿಕನ ಕೈಗೆ ತುರುಕಿ, “ಯಾರನ್ನೂ ಬಿಡ್ಬೇಡ!” ಎಂದು ಓಡಿದ. ಕ್ಷೌರಿಕ ಒಳ್ಳೆಯವನು, ಯಾರಿಗೂ ಇಲ್ಲ ಎನ್ನಲಾರ. ಲಾರಿಯವನು ನಾಲ್ಕು ಸಲ ಹಾರ್ನ್ ಹೊಡೆದದ್ದೇ ಫಲಕ ತಿರುಗಿಸಿ ‘ಹೋಗಿ’ ಮಾಡಿಬಿಟ್ಟ. ಅತ್ತ, ಬಸ್ಸು ಬಂದಾಯಿತಲ್ಲ ಎಂದು ಕಾರಿನವನೊಬ್ಬ ಯಾರ ಮಾತೂ ಕೇಳದೆ ನುಗ್ಗಿದ.

ತಿರುವಿನಲ್ಲಿ ನಿಲ್ಲಣ್ಣನ ಹಿಂದೆ ಲಾರಿ, ಎದುರಿಗೆ ಕಾರು. ಎರಡು ಕಡೆಗೂ ಕೋಲು ಬೀಸಿ ಕಿರುಚಿದ. ಲಾರಿ, ಕಾರು ಎರಡೂ ಗೇಣು ಅಂತರದಲ್ಲಿ ಮೂಗಿಗೆ ಮೂಗು ನಿಂತವು. ಅವನು ಮಾತ್ರ ಬಿಸಿ ಡಾಂಬರಿಗೆ ಹಾರಿದ್ದ. ಒಂದು ಚಪ್ಪಲಿ ಅಲ್ಲೇ ಅಂಟಿಕೊಂಡಿತು.

ಇನ್ನೊಂದರಲ್ಲೇ ಕುಂಟುತ್ತ ಆ ತುದಿ ಮುಟ್ಟಿದಾಗ ಅವಳ ಹಟಕ್ಕೆ ಬಸ್ಸು ಅಲ್ಲೇ ನಿಂತಿತ್ತು. ಅವಳು ಕೆಳಗಿಳಿದು ದಾರಿ ನೋಡುತ್ತಿದ್ದಳು, ಕಣ್ಣಲ್ಲಿ ನೀರು. ತನಗಾಗಿಯೇ! ನಿಲ್ಲಣ್ಣನಿಗೆ ಅಂಗಾಲಿನ ಉರಿ ಮರೆತುಹೋಯಿತು.

“ಬದುಕಿದ್ದೀರಲ್ಲ, ಸಾಕು” ಎಂದಳು. ಅವನ ಕೈಯಿಂದ ಕೋಲು ತೆಗೆದುಕೊಂಡು, ದಿನದ ರೂಢಿಯಂತೆ, ಆ ತುದಿಯವನ ಕೈಗಿತ್ತಳು. ಅವನು ಕೋಲಿನ ಜೊತೆ ಅವಳ ಬೆರಳನ್ನೂ ಹಿಡಿದುಕೊಂಡ.

“ನೀವು ದಿನಾ ನನ್ನ ಕೈಲೇ ಕಳಿಸದೆ ಇದ್ದಿದ್ರೆ ಇವರನ್ನ ಮಾತಾಡಿಸೋಕೆ ನೆಪಾನೇ ಇರ್ತಿರಲಿಲ್ಲ. ಮದುವೆಗೆ ನೀವು ಬರ್ಲೇಬೇಕು” ಎಂದಳು.

ಕಾರು, ಲಾರಿಗಳನ್ನು ಹಿಂದೆ ಸರಿಸಿದ ಮೇಲೆ ದಾರಿ ತೆರವಾಯಿತು. ಆ ತುದಿಯವನು ತನ್ನ ಕಡೆಯ ಗಾಡಿಗಳನ್ನೆಲ್ಲ ಬಿಟ್ಟು, ಕೋಲನ್ನು ನಿಲ್ಲಣ್ಣನಿಗೆ ಕೊಟ್ಟ. “ತಗೋ ಅಣ್ಣಾ, ಕೊನೆಯವನು ನೀನೇ.”

ಸಾಲಿನ ಬಾಲದಲ್ಲಿ ಕುಂಟುತ್ತ ಬಂದವನನ್ನು ಕ್ಷೌರಿಕ ಕಾತರದಿಂದ ಕೇಳಿದ, “ಏನಂದ್ಲು?”

“ಬರ್ಲೇಬೇಕು ಅಂದ್ಲು.”

“ಎಲ್ಲಿಗೆ?”

“ಮದುವೆಗೆ.”

ಕ್ಷೌರಿಕ ಅವನ ಮುಖವನ್ನೊಮ್ಮೆ, ಗಲ್ಲದ ಡಾಂಬರನ್ನೊಮ್ಮೆ ನೋಡಿದ. “ಹಾಗಾದ್ರೆ ಇನ್ನೊಂದ್ಸಲ ಶೇವ್ ಮಾಡ್ಬೇಕು” ಎಂದು ಕುರ್ಚಿ ಒರೆಸಿದ.