ನಾಲ್ಕಡಿ ಐದಿಂಚಿನ ಕ್ಯಾಮೆರಾ

ನಮ್ಮ ಸೋದರಮಾವನ ಎರಡೂ ಕೈಗಳನ್ನು ಯಾರಾದರೂ ಹಿಡಿದುಕೊಂಡುಬಿಟ್ಟರೆ ಅವರಿಗೆ ಮಾತೇ ಬರುವುದಿಲ್ಲ! ಉಳಿದವರ ಮಾತು ಗಂಟಲಿನಿಂದ ಹೊರಟರೆ ಅವರದು ಮೊಣಕೈಯಿಂದ ಹೊರಡುತ್ತದೆ. "ಬಿಸಿಲು" ಅನ್ನಬೇಕಾದರೆ ಅಂಗೈ ಆಕಾಶಕ್ಕೆ ಏರಬೇಕು. "ನಮ್ಮ ಹಳೇ ಡೈರೆಕ್ಟರು" ಅನ್ನಬೇಕಾದರೆ ಎರಡೂ ಕೈ ಸೇರಿ ಗಾಳಿಯಲ್ಲಿ ಒಂದು ದೊಡ್ಡ ಹೊಟ್ಟೆ ಬರೆಯಬೇಕು. "ಇವನು ಹುಟ್ಟಿದಾಗ ಮೊದಲು ಅಳಲಿಲ್ಲ ಕಣೇ, ಕೈ ಬೀಸಿದ. ಸೂಲಗಿತ್ತಿ ಮೂಗಿಗೇ ಬಿತ್ತು" ಎಂದು ನಮ್ಮಜ್ಜಿ ಹೇಳುತ್ತಿದ್ದರು. ನಾನು ಮಾತು ಕಲಿತದ್ದು ಆ ಅಜ್ಜಿಯ ಮಡಿಲಲ್ಲೇ. ಆದ್ದರಿಂದ ಮುಂದೆ ಎಲ್ಲಾದರೂ ಒಗ್ಗರಣೆ ಸ್ವಲ್ಪ ಜೋರಾಗಿದ್ದರೆ ಆಕೆಯನ್ನೇ ಕೇಳಿಕೊಳ್ಳಿ.

ಮಾವ ಸುಮ್ಮನೆ ಕೇಳಿಸಿಕೊಳ್ಳಬೇಕಾದ ವಿಷಯ ಏನಾದರೂ ಇದ್ದರೆ ನಾವು ಮನೆಯಲ್ಲಿ ಎತ್ತುವುದೇ ಇಲ್ಲ. ದಿಲ್ಲಿಯ ಬೆಳಗಿನ ಒಂಬತ್ತರ ಮೆಟ್ರೋಗೆ ಕರೆದುಕೊಂಡು ಹೋಗುತ್ತೇವೆ. ಆ ನೂಕುನುಗ್ಗಲಿನಲ್ಲಿ ಕೈ ಎತ್ತಲು ಜಾಗವೆಲ್ಲಿ? ನನ್ನ ಮದುವೆಗೆ ಅವರನ್ನು ಒಪ್ಪಿಸಿದ್ದು ಹಾಗೇ. ನಾಲ್ಕು ನಿಲ್ದಾಣ ಕಳೆಯುವಷ್ಟರಲ್ಲಿ ಎಲ್ಲ ಹೇಳಿ ಮುಗಿಸಿದೆ. ಇಳಿದು ಕೈ ಬಿಡಿಸಿಕೊಂಡ ಮೇಲೆ ಅವರು ಬಾಯಿ ತೆರೆದರು. ಅಷ್ಟರಲ್ಲಿ ನನ್ನ ರೈಲು ಹೊರಟುಹೋಗಿತ್ತು!

ಇಂಥವರಿಗೆ ಎರಡು ವರ್ಷದ ಹಿಂದೆ ವಿಡಿಯೋ ಮಾಡುವ ಹುಚ್ಚು ಹಿಡಿಯಿತು. ಹುಚ್ಚು ಅಂದೆ, ತಪ್ಪು. ಅದಕ್ಕೆ ಕಾರಣವಿತ್ತು. ಕಾರಣ ನಮ್ಮ ಅತ್ತೆ.

ಮಯೂರ್ ವಿಹಾರಿನಲ್ಲಿ ಸರ್ಕಾರದಿಂದ ಕೊಂಡ ಫ್ಲ್ಯಾಟಿನ ಮೂರನೇ ಮಹಡಿಯಲ್ಲಿ ಅವರ ಮನೆ. ಲಿಫ್ಟ್ ಇಲ್ಲ. ಒಂದು ಚಳಿಗಾಲದ ಬೆಳಿಗ್ಗೆ ಅತ್ತೆ ಮೆಟ್ಟಿಲಿನ ತಿರುವಿನಲ್ಲಿ ಜಾರಿ ಬಿದ್ದರು. ಎಕ್ಸ್‌ರೇ ನೋಡಿದ ಡಾಕ್ಟರು ಮೂಳೆ ಮುರಿದಿಲ್ಲ ಎಂದರು. ಮುರಿದದ್ದು ಧೈರ್ಯ. ಅದಕ್ಕೆ ಯಾವ ಡಾಕ್ಟರು ಪ್ಲಾಸ್ಟರ್ ಹಾಕುತ್ತಾರೆ? "ನಡೀಬೇಕು, ಇಳೀಬೇಕು, ಇಲ್ಲದಿದ್ದರೆ ಕಾಲು ಮರೆತುಹೋಗುತ್ತೆ" ಎಂದು ಡಾಕ್ಟರು ಪ್ರತಿಸಲ ಫೋನಿನಲ್ಲಿ ಹೇಳಿದರು. ಮಾವ ದಿನಾ ಹೇಳಿದರು, ಎರಡೂ ಕೈಯಲ್ಲಿ ಹೇಳಿದರು. ಅತ್ತೆ ಮಾತ್ರ ಬಾಗಿಲಿನ ಹೊಸ್ತಿಲ ತನಕ ಬಂದು, ಮೆಟ್ಟಿಲು ನೋಡಿ, ಒಳಗೆ ಹೋಗಿ ಕೂತುಬಿಡುತ್ತಿದ್ದರು. ಹೀಗೆ ವರ್ಷ ಕಳೆಯಿತು. ಲೋಕವೆಲ್ಲ ಬಾಲ್ಕನಿಯಷ್ಟಾಯಿತು.

ಅತ್ತೆಗೆ ಮುಖ್ಯವಾಗಿ ತಪ್ಪಿಹೋದದ್ದು ಬುಧವಾರದ ಸಂತೆ. ಆ ದಿನ ಸಂಜೆ ಹಿಂದಿನ ರಸ್ತೆಯುದ್ದಕ್ಕೂ ತರಕಾರಿಯವರು ಬಂದು ಕೂರುತ್ತಾರೆ. ಅತ್ತೆ ಹೋದರೆ ಬೆಂಡೆಕಾಯಿಗಳು ತಾವಾಗಿ ಎದ್ದು ನಿಲ್ಲುತ್ತಿದ್ದವು! ಕೊನೆಗೆ ಒಂದು ಹಿಡಿ ಕೊತ್ತಂಬರಿ, ನಾಲ್ಕು ಹಸಿಮೆಣಸಿನಕಾಯಿ ಪುಕ್ಕಟೆಯಾಗಿ ಚೀಲಕ್ಕೆ ಬೀಳುತ್ತಿತ್ತು. ಅದು ದಿಲ್ಲಿಯ ಗೃಹಿಣಿಯ ಜನ್ಮಸಿದ್ಧ ಹಕ್ಕು. ಮಾವನಿಗೆ ಒಂದು ದಿನವೂ ಆ ಹಕ್ಕು ದಕ್ಕಲಿಲ್ಲ. ಹೇಗೆ ದಕ್ಕೀತು? ರೆಕ್ಸಿನ್ನಿನ ಆಫೀಸ್ ಬ್ಯಾಗು ನೇತುಹಾಕಿಕೊಂಡು ಸಂತೆಗೆ ಹೋಗಿ, "ಭಯ್ಯಾ, ಕೃಪಯಾ ಧನಿಯಾ ಪ್ರದಾನ್ ಕರೇಂ" ಎಂದು ಕೊತ್ತಂಬರಿಯನ್ನು ಸರ್ಕಾರಿ ಸುತ್ತೋಲೆಯ ಹಿಂದಿಯಲ್ಲಿ ಕೇಳಿದರೆ ಯಾರು ತಾನೇ ಕೊಡುತ್ತಾರೆ?

ಅವರು ತಂದ ತರಕಾರಿ ಹರಡಿ ಅತ್ತೆ ಪ್ರತಿ ವಾರ ಕೇಳುತ್ತಿದ್ದರು, "ಬೇರೆ ಇರ್ಲಿಲ್ವಾ?"

"ಇದೇ ಇದ್ದಿದ್ದು."

"ಅಲ್ಲಿ ನಾನಿದ್ದಿದ್ರೆ ಬೇರೆ ಇರ್ತಿತ್ತು."

ಇದು ಜಗಳದ ಮಾತಲ್ಲ ಎಂದು ಮಾವನಿಗೆ ಗೊತ್ತಾಯಿತು. ಸಂತೆಯನ್ನೇ ಮೂರನೇ ಮಹಡಿಗೆ ತರುತ್ತೇನೆ ಎಂದು ನಿರ್ಧರಿಸಿ ಮೊಬೈಲಿನಲ್ಲಿ ವಿಡಿಯೋ ಮಾಡಿದರು. ಕೈಯಲ್ಲಿ ಮೊಬೈಲು, ಬಾಯಲ್ಲಿ ಮಾತು. ಇನ್ನು ಕೇಳಬೇಕೇ? ಒಂದು ಕ್ಷಣ ಟೊಮೆಟೊ, ಮರುಕ್ಷಣ ಆಕಾಶ, ಆಮೇಲೆ ಯಾರದೋ ಚಪ್ಪಲಿ, ಒಂದು ನಾಯಿಯ ಬಾಲ. ಅರ್ಧ ನೋಡುವಷ್ಟರಲ್ಲಿ ಅತ್ತೆಗೆ ತಲೆಸುತ್ತು ಬಂದು ನಿಂಬೆಹುಳಿ ಷರಬತ್ತು ಮಾಡಬೇಕಾಯಿತು.

"ಪುಟ್ಟೀ, ಕೈಯಲ್ಲಿ ಹಿಡೀದೇ ಇರೋ ಕ್ಯಾಮೆರಾ ಬೇಕು. ಮೈಮೇಲೆ ತೊಟ್ಟುಕೊಳ್ಳೋ ಅಂಥದ್ದು" ಎಂದು ನನಗೆ ಫೋನ್ ಬಂತು. ನನಗೆ ನಲವತ್ತೆರಡು ವರ್ಷ, ನೋಯ್ಡಾದ ಆಫೀಸಿನಲ್ಲಿ ಹನ್ನೆರಡು ಜನ ನನ್ನ ಕೈಕೆಳಗಿದ್ದಾರೆ. ಮಾವನಿಗೆ ಪುಟ್ಟಿ.

"ಈಗಲೇ ಆರ್ಡರ್ ಮಾಡ್ತೀನಿ, ನಾಳೆ ಬರುತ್ತೆ ಮಾವ" ಎಂದೆ.

ಎಂಥ ಮಾತಾಡಿಬಿಟ್ಟೆ! ಮಾವ ಮೂವತ್ತಾರು ವರ್ಷ ಒಂದು ಸಚಿವಾಲಯದ ಖರೀದಿ ಶಾಖೆಯಲ್ಲಿದ್ದವರು. ಅವರ ಸಹಿಯಿಲ್ಲದೆ ಒಂದು ಗುಂಡುಸೂಜಿ ಆ ಕಚೇರಿಯೊಳಗೆ ಬಂದಿಲ್ಲ. ಸಹಿ ಬೀಳುವ ಹೊತ್ತಿಗೆ ಕೆಲವು ಗುಂಡುಸೂಜಿಗಳು ತುಕ್ಕು ಹಿಡಿದದ್ದೂ ಉಂಟು. "ಅಗತ್ಯ ಏನು ಅಂತ ಬರೆಯದೆ, ಪರೀಕ್ಷೆ ಮಾಡದೆ ಖರೀದಿಯೇ? ಆಡಿಟ್‌ನವರು ಕೇಳಿದ್ರೆ ಏನು ಹೇಳ್ತೀಯಾ?" ಎಂದರು. ನಿವೃತ್ತರ ಮನೆಯ ಅಡುಗೆಮನೆಗೆ ಯಾವ ಆಡಿಟ್ ಬರುತ್ತದೆ ಎಂದು ಕೇಳಬೇಕೆನಿಸಿತು. ಆದರೆ ನಾವು ಆಗ ಮೆಟ್ರೋದಲ್ಲಿರಲಿಲ್ಲವಲ್ಲ!

ಶನಿವಾರ ಹೋದೆ. ದಾರ ಕಟ್ಟಿದ ಕಡತ ಸಿದ್ಧವಾಗಿತ್ತು. ವಿಷಯ: ಶರೀರಧಾರ್ಯ ಕ್ಯಾಮೆರಾ, ಒಂದು. ಕೆಳಗೆ ಷರತ್ತುಗಳು. ಎರಡೂ ಕೈ ಸ್ವತಂತ್ರವಾಗಿರತಕ್ಕದ್ದು. ಸ್ವೆಟರಿನ ಮೇಲೂ ನಿಲ್ಲತಕ್ಕದ್ದು. ಒಂದು ಗಂಟೆ ಬ್ಯಾಟರಿ ಬರತಕ್ಕದ್ದು. ಆರನೆಯದನ್ನು ಓದಿ ನಾನು ನಕ್ಕುಬಿಟ್ಟೆ: "ಮಸೂರವು ನೆಲದಿಂದ ನಾಲ್ಕು ಅಡಿ ಐದು ಇಂಚು ಎತ್ತರದಲ್ಲಿರತಕ್ಕದ್ದು. ಹೆಚ್ಚಾಗಲಿ ಕಡಿಮೆಯಾಗಲಿ ಸಲ್ಲದು." ಕೆಂಪು ಗೆರೆ ಬೇರೆ!

"ಇದೇನು ಮಾವ, ಐದು ಇಂಚು?"

"ಅದು ತಾಂತ್ರಿಕ ಅಂಶ. ನಿನಗೆ ತಿಳಿಯಲ್ಲ" ಎಂದು ಕಡತ ಮುಚ್ಚಿದರು.

ನೋಯ್ಡಾದ ಅಂಗಡಿಯಲ್ಲಿ ಹುಡುಗಿಯೊಬ್ಬಳು ಉತ್ಸಾಹದಿಂದ ಕ್ಯಾಮೆರಾ ತೋರಿಸಿದಳು. ನೀರಿನೊಳಗೆ ಕೆಲಸ ಮಾಡುತ್ತದಂತೆ, ಬೆಟ್ಟದಿಂದ ಹಾರಿದರೂ ಚಿತ್ರ ಅಲುಗುವುದಿಲ್ಲವಂತೆ. ಮಾವ ಎಲ್ಲ ಕೇಳಿ, "ನಾವು ಹಾರೋದಿಲ್ಲ ಬೇಟಾ, ಬದನೆಕಾಯಿ ನೋಡಬೇಕು. ಊಂಚಾಯಿ ಬತಾಓ, ಊಂಚಾಯಿ" ಎಂದು ಎತ್ತರ ಕೇಳಿದರು. ಅವಳು ಮಾವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಆರಡಿ. "ಅಂಕಲ್‌ಜೀ, ಅದು ನೀವು ಎಲ್ಲಿ ಕಟ್ಕೋತೀರೋ ಅದನ್ನ ಅವಲಂಬಿಸಿದೆ" ಎಂದು ಹಿಂದಿಯಲ್ಲಿ ಹೇಳಿ ನನ್ನ ಕಡೆ ಕನಿಕರದಿಂದ ತಿರುಗಿದಳು. ಮಾವ ಕಡತದಲ್ಲಿ ಬರೆದುಕೊಂಡರು: "ಮಾರಾಟಗಾರರ ಉತ್ತರ ಅಸ್ಪಷ್ಟ."

ಕೊಳ್ಳುವ ಮೊದಲು ಪರೀಕ್ಷೆಯಾಗಬೇಕಲ್ಲ! ನಾನು ಆಫೀಸಿನಲ್ಲಿ ಕೈಚಾಚಿದೆ. ಬೈಕಿನಲ್ಲಿ ಲಡಾಖಿಗೆ ಹೋಗಿಬಂದ ಸಹೋದ್ಯೋಗಿಯೊಬ್ಬ ತಲೆಗೆ ಕಟ್ಟುವ ಕ್ಯಾಮೆರಾ ಕೊಟ್ಟ.

ಮೊದಲ ಬುಧವಾರ ಮಾವ ಮಂಕಿಟೋಪಿಯ ಮೇಲೆ ಅದನ್ನು ಬಿಗಿದುಕೊಂಡು, ಕಡತ ಇಟ್ಟುಕೊಂಡು ಸಂತೆಯ ಬಾಯಲ್ಲಿ ನಿಂತರು. ಆರಡಿ ಎತ್ತರದ ಮನುಷ್ಯ, ಹಣೆಯಲ್ಲಿ ಕೆಂಪು ದೀಪ, ಕಂಕುಳಲ್ಲಿ ಸರ್ಕಾರಿ ಫೈಲು! ಬೀದಿ ಅಂಗಡಿಗಳನ್ನು ತೆರವು ಮಾಡಿಸುವ ಅಧಿಕಾರಿ ಬಂದರು ಎಂದು ಯಾರೋ ಕೂಗಿದರು. ಎರಡೇ ನಿಮಿಷ, ಇಡೀ ರಸ್ತೆ ಖಾಲಿ! ತಳ್ಳುಗಾಡಿಗಳು ಓಡಿದವು, ಬುಟ್ಟಿಗಳು ತಲೆಗೇರಿದವು. "ಅರೇ ರುಕೋ ಭಯ್ಯಾ, ಮೈಂ ರಿಟೈರ್ಡ್ ಹೂಂ!" ಎಂದು ಮಾವ ಎರಡೂ ಕೈ ಬೀಸಿ ಬೀಸಿ ಕೂಗಿದರು. ಕೈ ಬೀಸಿದಷ್ಟೂ ಜನ ಜೋರಾಗಿ ಓಡಿದರು. ಅಂದು ಮನೆಗೆ ಬಂದದ್ದು ರಸ್ತೆಯಲ್ಲಿ ಉರುಳಿಬಂದ ಎರಡು ಆಲೂಗಡ್ಡೆ. ವಿಡಿಯೋ ನೋಡಿದ ಅತ್ತೆ, "ಎತ್ತರದಿಂದ ಬರೀ ಬೋಳುತಲೆ ಕಾಣ್ತಿವೆ. ಎಷ್ಟು ಒಳ್ಳೇ ಬದನೆಕಾಯಿ ಅಂದ್ಕೊಂಡೆ" ಎಂದರು. ಕಡತದಲ್ಲಿ ಷರಾ ಬಿತ್ತು: "ಆರನೇ ಷರತ್ತಿನ ಉಲ್ಲಂಘನೆ. ತಿರಸ್ಕೃತ."

ಎರಡನೇ ಬುಧವಾರ ಕ್ಯಾಮೆರಾ ಇರುವ ಕನ್ನಡಕ. ನೋಡಲು ಮಾವ ಸಭ್ಯಸ್ಥರಂತೆಯೇ ಕಂಡರು, ಯಾರೂ ಓಡಲಿಲ್ಲ. ಆದರೆ ಅವರದೊಂದು ಅಭ್ಯಾಸ. ಏನನ್ನಾದರೂ ಹತ್ತಿರದಿಂದ ನೋಡಬೇಕಾದರೆ ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸುತ್ತಾರೆ. ಪಾಲಕ್ ಬಂತು, ಕನ್ನಡಕ ಮೇಲೆ. ಮೇಥಿ ಬಂತು, ಕನ್ನಡಕ ಮೇಲೆ. ಅವರು ತರಕಾರಿ ನೋಡಿದಾಗಲೆಲ್ಲ ಕ್ಯಾಮೆರಾ ಆಕಾಶ ನೋಡಿತು. ದಿಲ್ಲಿಯ ನವೆಂಬರಿನ ಆಕಾಶದಲ್ಲಿ ನೋಡುವುದಕ್ಕೆ ಏನಿದೆ? ಅತ್ತೆ ಅರ್ಧ ಗಂಟೆ ಟೀವಿಯ ಮುಂದೆ ಹೊಗೆ ನೋಡಿದರು. "ಚೆನ್ನಾಗಿದೆ. ಇದನ್ನ ನಾನು ಬಾಲ್ಕನಿಯಿಂದ್ಲೇ ನೋಡ್ತಿದ್ದೆ" ಎಂದರು.

ಮೂರನೆಯದು ಎದೆಗೆ ಕಟ್ಟುವ ಪಟ್ಟಿ. ಮಾವ ಗೋಡೆಗೆ ಒರಗಿ ನಿಂತು, ಟೇಪು ಹಿಡಿದು ನನ್ನಿಂದ ಅಳತೆ ಮಾಡಿಸಿದರು. ನಾಲ್ಕು ಅಡಿ ಐದು ಇಂಚು! "ನೋಡಿದೆಯಾ? ಸಿಕ್ಕಿತು!" ಎಂದು ಮದುಮಗನ ಹಾಗೆ ಹೊರಟರು. ಬಂದ ಮೇಲೆ ಟೀವಿ ಹಾಕಿದೆವು. ತೆರೆಯ ತುಂಬ ಕೈ! ಬರೀ ಕೈ! ಬಟಾಣಿಯವನಿಗೆ ಪೂರೈಕೆಯ ನೀತಿ ವಿವರಿಸುವ ಕೈ, ಹೂಕೋಸಿನ ಗಾತ್ರ ತೋರಿಸುವ ಕೈ, ಆ ಹಳೇ ಡೈರೆಕ್ಟರರ ಹೊಟ್ಟೆ ಬರೆಯುವ ಕೈ. ಬೆರಳಸಂದಿಯಲ್ಲಿ ಎಲ್ಲೋ ಒಂದು ಮೂಲಂಗಿ ಇಣುಕಿ ಮಾಯವಾಯಿತು.

"ಏನ್ರೀ, ನಲವತ್ತು ವರ್ಷದಿಂದ ಇದೇ ಕೈ ಮುಖದ ಮುಂದೆ ನೋಡ್ತಿದ್ದೀನಿ. ಈಗ ಟೀವೀಲೂ ಇದೇನಾ?"

ಕೈಗಳಿಗೆ ಸ್ವಾತಂತ್ರ್ಯ ಕೊಡಲೆಂದು ತಂದ ಕ್ಯಾಮೆರಾ. ಕೈಗಳು ಸ್ವಾತಂತ್ರ್ಯ ತೆಗೆದುಕೊಂಡವು. ತಪ್ಪು ಯಾರದು ಹೇಳಿ? ಮಾವ ಅಂದು ಕಡತದಲ್ಲಿ ಏನೂ ಬರೆಯಲಿಲ್ಲ. ಪೆನ್ನಿನ ಮುಚ್ಚಳ ತೆಗೆದರು, ಮುಚ್ಚಿದರು.

ಕೊನೆಗೆ ನಾನೇ ಕಾನೂನು ಮುರಿದೆ. ಬೆಂಕಿಪೊಟ್ಟಣದಷ್ಟು ಚಿಕ್ಕದಾದ, ಬಟ್ಟೆಗೆ ಕಚ್ಚಿಸುವ ಕ್ಯಾಮೆರಾ ಒಂದನ್ನು ಯಾವ ಷರಾ ಇಲ್ಲದೆ ಕೊಂಡು ತಂದೆ. ಆದರೆ ಮಾವನ ಸ್ವೆಟರಿಗೆ ಕಚ್ಚಿಸಿದರೆ ಅದು ಜೋತು ಬಿದ್ದು ಅವರ ಹೊಟ್ಟೆಯನ್ನೇ ನೋಡುತ್ತಿತ್ತು. "ಗಟ್ಟಿಯಾಗಿ ಏನಾದ್ರೂ ಬೇಕು, ಎದೆ ಮೇಲೆ ಅಡ್ಡ ಬರೋ ಪಟ್ಟಿ ಥರ" ಎಂದೆ.

ಅತ್ತೆ ಎದ್ದರು. ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ಅವರ ಸಂತೆಯ ಚೀಲ ತೂಗುತ್ತಿತ್ತು. ಹಳೆಯ ಇಳಕಲ್ ಸೀರೆ ಕತ್ತರಿಸಿ ಅವರೇ ಹೊಲಿದ, ಉದ್ದ ಹೆಗಲಪಟ್ಟಿಯ ಕೆಂಪು ಚೀಲ. ಬಿದ್ದ ದಿನದಿಂದ ಅದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಮಾವ ಕೇಳಿದಾಗಲೆಲ್ಲ, "ನಾನೇ ಹೋಗೋ ತನಕ ಅದು ಅಲ್ಲೇ ಇರ್ಲಿ" ಎನ್ನುತ್ತಿದ್ದರು. ಅದಕ್ಕೇ ಆ ರೆಕ್ಸಿನ್ ಬ್ಯಾಗು. ಈಗ ಅದನ್ನು ಮೊಳೆಯಿಂದ ತೆಗೆದು, ಧೂಳು ಕೊಡವಿ, ಮಾವನ ಕೈಗಿಟ್ಟರು.

"ತಗೊಳ್ಳಿ. ಮೊಳೆಗೆ ಸುಮ್ನೆ ಭಾರ."

ಏನೋ ಹೇಳಲು ಎದ್ದಿದ್ದ ಮಾವನ ಇನ್ನೊಂದು ಕೈ ಗಾಳಿಯಲ್ಲೇ ನಿಂತಿತು. ಆ ಚೀಲ ಕೊಟ್ಟುಬಿಡುವುದೆಂದರೆ ಏನೆಂದು ನಮ್ಮಿಬ್ಬರಿಗೂ ಅರ್ಥವಾಯಿತು. ಇನ್ನು ಇಳಿಯುವುದಿಲ್ಲ ಎಂದು ಅತ್ತೆ ಮನಸ್ಸಿನಲ್ಲಿ ಸಹಿ ಹಾಕಿಬಿಟ್ಟಿದ್ದರು.

ನಾಲ್ಕನೇ ಬುಧವಾರ ಮಾವ ಚೀಲದ ಪಟ್ಟಿಗೆ ಕ್ಯಾಮೆರಾ ಕಚ್ಚಿಸಿಕೊಂಡು, ಮನೆಯ ಬಾಗಿಲಲ್ಲೇ ಗುಂಡಿ ಒತ್ತಿ ಹೊರಟರು. ಬಂದ ಮೇಲೆ ಮೂವರೂ ಟೀವಿಯ ಮುಂದೆ ಕೂತೆವು.

ಮೊದಲು ಮೆಟ್ಟಿಲು. ಅಂಥ ಅವಸರದ ಮನುಷ್ಯ ಒಂದೊಂದೇ ಮೆಟ್ಟಿಲು ನಿಧಾನವಾಗಿ ಇಳಿಯುತ್ತಿದ್ದರು. ತಿರುವು ಬಂತು. ಅಲ್ಲಿ ಚಿತ್ರ ಸ್ವಲ್ಪ ಹೊತ್ತು ನಿಂತು, ಆಮೇಲೆ ಮುಂದೆ ಹೋಯಿತು. ಅತ್ತೆ ಸೆರಗಿನ ತುದಿ ಹಿಡಿದುಕೊಂಡರು. ಆಮೇಲೆ ಸಂತೆ. ಬಟಾಣಿಯ ರಾಶಿ, ಕೆಂಪು ಗಜ್ಜರಿ, ನೀರು ಚಿಮುಕಿಸಿದ ಪಾಲಕ್. ಒಂದೊಂದು ಬುಟ್ಟಿಯ ಮುಂದೆಯೂ ಚಿತ್ರ ನಿಂತು ನಿಂತು ಸಾಗಿತು. ಮಾವನ ಮಾತಿನ ಸದ್ದೇ ಇಲ್ಲ. ಕೈಯೂ ಇಲ್ಲ!

"ಸಂತೆ ನನಗೆ ಹೀಗೇ ಕಾಣ್ತಿತ್ತು ಪುಟ್ಟಿ. ಸರಿಯಾಗಿ ಇಷ್ಟೇ ಎತ್ತರಕ್ಕೆ" ಎಂದರು ಅತ್ತೆ.

ನಾನು ತಿರುಗಿ ಅತ್ತೆಯನ್ನು ನೋಡಿದೆ. ನಾಲ್ಕಡಿ ಹತ್ತಿಂಚಿನ ಹೆಂಗಸು. ಅವರ ಕಣ್ಣು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಇಷ್ಟು ದಿನ ನನಗೆ ಹೊಳೆದೇ ಇರಲಿಲ್ಲ.

ತೆರೆಯ ಮೇಲೆ ಸೊಪ್ಪಿನ ಭಯ್ಯಾ ತಲೆ ಎತ್ತಿದ. ಅವನು ಮಾವನ ಮುಖ ನೋಡಲಿಲ್ಲ, ಚೀಲ ನೋಡಿದ. "ಅರೇ, ಯೇ ತೋ ಆಂಟಿಜೀ ಕಾ ಥೈಲಾ ಹೈ! ಆಂಟಿಜೀ ಕಹಾಂ ಹೈಂ?" ಎಂದು ಆಂಟಿ ಎಲ್ಲಿ ಅಂತ ಕೇಳಿದ. ಅವನು ಒಂದು ದೊಡ್ಡ ಹಿಡಿ ಕೊತ್ತಂಬರಿ ಕಟ್ಟನ್ನು ಚೀಲಕ್ಕೆ ತುರುಕಿದ. ಅದರ ಜುಟ್ಟು ಮೇಲೆದ್ದು ಇಡೀ ಟೀವಿ ಹಸಿರಾಯಿತು.

ಅತ್ತೆ ಆ ಹಸಿರನ್ನೇ ನೋಡುತ್ತ ಕೇಳಿದರು, "ನಿಮ್ಮ ಕೈ ಎಲ್ಲಿತ್ತು?"

"ಜೇಬಲ್ಲಿ."

"ಅಷ್ಟೂ ಹೊತ್ತಾ?"

"ನಿನಗೆ ಅಡ್ಡ ಬರ್ತಿತ್ತಲ್ಲ" ಎಂದರು ಮಾವ. ಆಗಲೂ ಕೈ ಜೇಬಿನಲ್ಲೇ ಇತ್ತು.

ಅತ್ತೆ ನನ್ನ ಕಡೆ ತಿರುಗಿ, "ಪುಟ್ಟಿ, ಮೊದಲಿಂದ ಹಾಕು. ಮೆಟ್ಟಿಲಿಂದ" ಎಂದರು. ಅಂದು ಮೆಟ್ಟಿಲನ್ನು ನಾಲ್ಕು ಸಲ ನೋಡಿದೆವು.

ಮುಂದಿನ ಬುಧವಾರ ನಾನು ಹೋದಾಗ ಕ್ಯಾಮೆರಾ ಟೀವಿಯ ಪಕ್ಕದಲ್ಲಿ, ಕಡತದ ಮೇಲೆ ಕೂತಿತ್ತು. ಕಡತದಲ್ಲಿ ಕೊನೆಯ ಷರಾ: "ಸದರಿ ಸಾಮಗ್ರಿಯ ಅಗತ್ಯ ಇನ್ನು ಮುಂದೆ ಕಂಡುಬರುವುದಿಲ್ಲ. ಕಡತ ಮುಚ್ಚಬಹುದು." ಕೆಳಗೆ ಪೂರ್ತಿ ಸಹಿ. ನಾನು ಓದಿ ತಲೆ ಎತ್ತುವಷ್ಟರಲ್ಲಿ ಇಬ್ಬರೂ ಹೊರಗೆ ಹೋಗಿದ್ದರು, ಮನೆಯ ಬಾಗಿಲು ತೆರೆದೇ ಇತ್ತು. ಮೆಟ್ಟಿಲ ಕಡೆ ಇಣುಕಿ ನೋಡಿದೆ. ಕೆಂಪು ಚೀಲ ಅತ್ತೆಯ ಹೆಗಲಿನಲ್ಲಿತ್ತು. ಮಾವ ಒಂದು ಮೆಟ್ಟಿಲು ಕೆಳಗೆ, ಅತ್ತೆಗೆ ಮುಖ ಮಾಡಿ, ಹಿಂದುಹಿಂದಕ್ಕೆ ಇಳಿಯುತ್ತಿದ್ದರು. ಅವರ ಎರಡೂ ಕೈಗಳನ್ನು ಅತ್ತೆ ಬಿಗಿಯಾಗಿ ಹಿಡಿದುಕೊಂಡಿದ್ದರು.

ಮೂರು ಮಹಡಿ ಇಳಿಯುವವರೆಗೂ ಮಾವ ಒಂದೇ ಒಂದು ಮಾತು ಆಡಲಿಲ್ಲ.