ಮಂಚದ ಕೆಳಗಿನ ಸಂತತಿ

ಹೆಂಡತಿ ಕೂಗಿದಾಗಲೆಲ್ಲ ಗಡಿಯಾರ ರಿಪೇರಿಯವನ ಒಂದು ಸ್ಕ್ರೂ ಕಳೆದುಹೋಗುತ್ತಿತ್ತು. ಹುಡುಕಲು ಅವನು ಹಿಂದಿನ ಕೋಣೆಯ ಮಂಚದ ಕೆಳಗೆ ನುಸುಳುತ್ತಿದ್ದ. ಅವತ್ತೂ ಅಲ್ಲೇ ಇದ್ದ.

"ರೀ, ಸಂಜೆ ಅಮ್ಮ ಬರ್ತಾಳೆ. ನಿಮ್ಮ ಕಬ್ಬಿಣದ ಸಂಸಾರ ಎತ್ತಿ ಈ ಕೋಣೆ ಖಾಲಿ ಮಾಡಿ!"

ಆ ಕೋಣೆ ಅವನ ಪ್ರಾಣ. ಅವನೇ ಕಟ್ಟಿದ ಯಂತ್ರ ಇದ್ದದ್ದು ಅಲ್ಲೇ. ಸಾಬೂನಿನ ಡಬ್ಬಿಯಷ್ಟು ಗಾತ್ರ. ಕೆಲಸ ಮೂತಿಯ ಪುಟ್ಟ ಬ್ರಷ್‌ನಿಂದ ಕಸ ಗುಡಿಸುವುದು. ಬಿಡುವಾದಾಗ ಹಳೆ ಗಡಿಯಾರದ ಚಕ್ರಗಳನ್ನು ಜೋಡಿಸಿ ತನ್ನಂಥದೇ ಇನ್ನೊಂದನ್ನು ಹೆರುವ ಚಾಳಿ.

"ಪ್ರತಿ ಮರೀಲೂ ಒಂಚೂರು ವ್ಯತ್ಯಾಸ ಇರುತ್ತೆ ಕಣೇ. ಕೆಟ್ಟದ್ದು ಸಾಯುತ್ತೆ, ಒಳ್ಳೇದು ಉಳ್ಕೊಂಡು ಮಕ್ಕಳು ಮಾಡುತ್ತೆ. ಪೀಳಿಗೆಯಿಂದ ಪೀಳಿಗೆಗೆ ಸುಧಾರಿಸ್ತಾವೆ, ಜೀವಿಗಳ ಹಾಗೇ!"

"ನಿಮ್ಮ ವಂಶದಲ್ಲಿ ಹಾಗಾಗಿದ್ದು ನಾ ಕಾಣೆ. ಸರಿ, ಸಂಜೆಯೊಳಗೆ ಒಂದಕ್ಕಾದ್ರೂ ಹೊಸ ಬುದ್ಧಿ ಬರ್ಲಿ, ಕೋಣೆ ಅವಕ್ಕೇ ಬಿಟ್ಟೆ."

ಪಂಥದ ವಾಸನೆ ಹಿಡಿದು ಪಕ್ಕದ ಮನೆಯ ಗಣಿತದ ಮೇಷ್ಟ್ರು ಬಂದರು. ಕರೆಯದೆಯೇ ತೀರ್ಪುಗಾರರಾಗಿ ಕುರ್ಚಿ ಎಳೆದುಕೊಂಡರು.

ಮಧ್ಯಾಹ್ನದ ಹೊತ್ತಿಗೆ ಚೆಲ್ಲಿದ ಗೋಲಿಗಳಂತೆ ಮನೆ ತುಂಬ ಮರಿಗಳು. ಗುಡಿಸುತ್ತ ಕಾಲಿಗೆ ಅಡ್ಡ ಬಂದದ್ದನ್ನು ಹೆಂಡತಿ ಕೀಲು ಕಿತ್ತು ಬಕೆಟ್ಟಿಗೆ ಹಾಕಿದಳು. ಕಿರುಗುಟ್ಟಿದ್ದೂ ಬಕೆಟ್ಟಿಗೆ. ಮೇಷ್ಟ್ರ ಚಪ್ಪಲಿಯನ್ನೇ ಕಸವೆಂದು ತಳ್ಳಿಕೊಂಡು ಹೊರಟದ್ದನ್ನು ಮೇಷ್ಟ್ರೇ ಹಾಕಿದರು.

"ಅಯ್ಯೋ, ದುಡಿಯೋವನ್ನೇ ಕೊಲ್ತಿದೀಯಲ್ಲೇ!"

"ಎದುರಿಗೆ ಸಿಕ್ಕಿದ್ದನ್ನ ತಾನೇ ಎತ್ತೋಕಾಗೋದು?"

ಸಂಜೆಗೆ ಮನೆ ಗಪ್‌ಚಿಪ್. ಬಕೆಟ್ ಭರ್ತಿ. ನೆಲದ ಮೇಲೆ ಒಂದೂ ಇಲ್ಲ.

"ವಂಶ ನಿರ್ವಂಶ," ಎಂದು ಮೇಷ್ಟ್ರು ಎದ್ದರು.

ಅಷ್ಟರಲ್ಲಿ ಅತ್ತೆ ಬಂದರು. ಚೀಲ ಒಳಗೆ ತಳ್ಳಲು ಬಗ್ಗಿ ಮಂಚದ ಕೆಳಗೆ ನೋಡಿದರು.

"ಇದೇನೇ ಮಗಳೇ, ಇಲ್ಲೊಂದು ಊರೇ ಇದೆ!"

ಮರಿ, ಮರಿಮರಿಗಳೆಲ್ಲ ಗೋಡೆಗೊತ್ತಿ, ಉಸಿರೇ ಇಲ್ಲದಂತೆ ಕೂತಿದ್ದವು. ಒಂದು ಮೆಲ್ಲಗೆ ಇಣುಕಿತು. ಹೆಂಡತಿಯ ಹೆಜ್ಜೆ ಸಪ್ಪಳ ಕೇಳಿದ್ದೇ ಸರ್ರನೆ ಒಳಗೆ!

"ನೋಡಿದ್ಯಾ! ಈ ಬುದ್ಧಿ ನಾನಿಟ್ಟದ್ದಲ್ಲ, ತಾನಾಗೇ ಬಂದದ್ದು!" ಅವನು ಕುಣಿದಾಡಿದ.

"ಎಲ್ಲಿಂದ ಬಂತು ಅಂತ ಕೇಳ್ಬೇಕಾ ಅಳಿಯಂದ್ರೆ? ಥೇಟ್ ಅಪ್ಪನ ಪಡಿಯಚ್ಚು," ಎಂದರು ಅತ್ತೆ.

ಮೇಷ್ಟ್ರು ಅವನೇ ಗೆದ್ದನೆಂದು ಸಾರಿದರು. ಹೆಂಡತಿ ಮಾತಿಗೆ ತಪ್ಪುವವಳಲ್ಲ.

"ಕೋಣೆ ಅವಕ್ಕೇ ಅಂದಿದ್ದೆ, ಅವಕ್ಕೇ. ಅಮ್ಮ ನನ್ನ ಜೊತೆ ಮಲಗ್ತಾಳೆ."

"ಮತ್ತೆ ನಾನು?"

"ನೀವು ಹಜಾರದಲ್ಲಿ. ಅದಕ್ಕೆ ಮುಂಚೆ ಪೊರಕೆ ಹಿಡೀರಿ. ಗುಡಿಸೋವೆಲ್ಲ ಬಕೆಟ್ಟಲ್ಲಿವೆ."

ತಕ್ಷಣ ಅವನಿಗೆ ಒಂದು ಸ್ಕ್ರೂ ಕಳೆದುಹೋದದ್ದು ನೆನಪಾಯಿತು. ಮಂಚದ ಕೆಳಗೆ ತಲೆ ತೂರಿಸಿದ. ಮೈ ತೂರಿಸಲು ಜಾಗವಿರಲಿಲ್ಲ. ಒಳಗಿಂದ ಪುಟ್ಟ ಪುಟ್ಟ ಬ್ರಷ್‌ಗಳು ಒಟ್ಟಾಗಿ ಮುಂದೆ ಬಂದು ಅವನನ್ನು ಮೆಲ್ಲಗೆ ಹೊರಕ್ಕೆ ತಳ್ಳಿದವು.

ಹುಟ್ಟಿದಾಗಿನಿಂದ ಅವು ಗುಡಿಸಿದ ಕಸ ಅದೊಂದೇ.