ಗವಿಯೊಳಗಿನ ಅಜ್ಜನ ಅಪ್ಪಣೆ

ಒಂದೇ ಒಂದು ಆಕಳಿಕೆಯಿಂದ ಇಷ್ಟೆಲ್ಲ ಆಯಿತು.

ಅದೂ ಅಂಥ ದೊಡ್ಡ ಆಕಳಿಕೆಯೇನಲ್ಲ. ಜೇವರ್ಗಿಯಿಂದ ರಾತ್ರಿಯಿಡೀ ಕ್ರೂಸರ್ ಓಡಿಸಿಕೊಂಡು ಬಂದ ಅಬ್ದುಲ್ ಗನಿ, ಅಜಂತಾ ಇನ್ನೇನು ಬಂತು ಎನ್ನುವಾಗ, ಬೆಳಗಿನ ತಂಪುಗಾಳಿಗೆ ಒಂದಿಷ್ಟು ಬಾಯಿ ತೆರೆದ, ಅಷ್ಟೇ. ಆದರೆ ಪಕ್ಕದ ಸೀಟಿನಲ್ಲಿ ಕೂತಿದ್ದವರು ಸುಭದ್ರಾಬಾಯಿ. ಓಣಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ತಮ್ಮ ಮನೆಯಲ್ಲಿ ಕೂತೇ ತಿಳಿದುಕೊಳ್ಳುವ ಮುದುಕಿಗೆ, ಒಂದು ಮೊಳ ದೂರದ ಆಕಳಿಕೆ ತಪ್ಪೀತೇ?

"ಡ್ರೈವರಗ ನಿದ್ದಿ ಬರಾಕತ್ತದ್ರೇ!"

ಹಿಂದಿನ ಸೀಟುಗಳಲ್ಲಿ ಗೊರಕೆ ಹೊಡೆಯುತ್ತಿದ್ದ, ಅಜಂತಾ ನೋಡಲು ಹೊರಟ ಓಣಿಯ ಹೆಂಗಸರ ಅಕ್ಕನ ಬಳಗವೆಲ್ಲ ದಡಕ್ಕನೆ ಎದ್ದು ಕೂತಿತು. ಸಕ್ಕುಬಾಯಿ ಅವನ ಬಾಯಿಗೆ ಹಸಿ ಮೆಣಸಿನಕಾಯಿ ಹಿಡಿದಳು. ಸುಮಿತ್ರಾಬಾಯಿ ಕುತ್ತಿಗೆಗೆ ತಣ್ಣೀರು ಚಿಮುಕಿಸಿದಳು.

"ಗನಿಭಾಯ್, ಕಣ್ಣ ಮುಚ್ಚಬ್ಯಾಡ್ರಿ. ನನ್ನ ಸಣ್ಣ ಮಗಳ ಮದವಿ ಇನ್ನಾ ಆಗಿಲ್ಲ," ಎಂದಳು ಸಕ್ಕುಬಾಯಿ.

"ಕಣ್ಣ ಎಲ್ಲಿ ಮುಚ್ಚೇನ್ರಿ ಬಾಯಾರ? ಬಾಯಿ ತಗದೇನಿ."

"ಬಾಯಿ ತಗದ ಮ್ಯಾಲ ಕಣ್ಣ ತಾವಾ ಮುಚ್ಚತಾವ."

ಗನಿ ಮೆಣಸಿನಕಾಯಿ ಪಕ್ಕಕ್ಕೆ ಸರಿಸಿ ಗಾಡಿ ಓಡಿಸಿದ. ಅಜ್ಜಿ ಹೇಳುವ ಕತೆಯಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯೊಳಗೆ ಇರುತ್ತದಲ್ಲ, ಹಾಗೆ ಅವನ ಜೀವವೆಲ್ಲ ಆಗ ಒಂದು ತಾಸಿನ ನಿದ್ದೆಯೊಳಗಿತ್ತು. ಸಂಜೆಗೆ ಮತ್ತೆ ಊರಿನ ದಾರಿ ಹಿಡಿಯಬೇಕು. ಇವರು ಗವಿ ನೋಡಲು ಹೋದಾಗ ಗಾಡಿಯಲ್ಲಿ ಕಾಲು ಚಾಚಿದರೆ ರಾತ್ರಿ ದಾರಿ ಕಂಡೀತು. ಇಲ್ಲದಿದ್ದರೆ ದಾರಿಯ ಬದಲು ದೇವರೇ ಕಂಡಾನು. ಹೆಂಡತಿ ಬದರುನ್ನಿಸಾ ಇದಕ್ಕೆಂದೇ ಚೀಲದಲ್ಲಿ ಹೊಸ ಚಾದರು ತುರುಕಿದ್ದಳು. ಹಚ್ಚಹಸಿರು ಬಣ್ಣ, ಅಂಚಿಗೆಲ್ಲ ಬಂಗಾರದ ಜರಿ. ಯಾರದೋ ಮದುವೆಯಲ್ಲಿ ಬಂದದ್ದು, ಇಷ್ಟು ದಿನ ಪೆಟ್ಟಿಗೆಯಲ್ಲೇ ಇತ್ತು.

ಗಾಡಿ ನಿಲ್ಲಿಸಿ ಅವನು ಹಿಂದಿನ ಸೀಟು ಒರೆಸತೊಡಗಿದ್ದೇ, ಸುಭದ್ರಾಬಾಯಿ ಸೊಂಟಕ್ಕೆ ಕೈಯಿಟ್ಟರು.

"ಏನ್ ಮಾಡಾಕತ್ತೀದಿ ತಮ್ಮಾ?"

"ಒಂದೀಟ ಮಕ್ಕೋತೇನ್ರಿ ಅಮ್ಮಾರ."

"ಸುಮ್ನ ಬಾ. ಹಗಲಿ ಮಕ್ಕೊಂಡ ಡ್ರೈವರಗ ರಾತ್ರಿನೂ ಅದಾ ರುಚಿ ಹತ್ತತದ. ಅಲ್ಲಿ ಗೈಡ ಹಿಂದಿ ಮಾತಾಡ್ತಾನಂತ, ನಮಗ್ಯಾರಿಗಿ ತಿಳೀಬೇಕು? ನೀ ಕನ್ನಡದಾಗ ಹೇಳು, ನಡಿ."

ಹೀಗೆ ಗನಿ ಚೀಲ ಹೆಗಲಿಗೇರಿಸಿ, ಸಂತೆಗೆ ಹೊರಟ ಎತ್ತಿನಂತೆ ಮೆಟ್ಟಿಲು ಹತ್ತಿದ.

ಕುದುರೆಯ ಲಾಳದಂತೆ ಬಾಗಿದ ಬಂಡೆಗುಡ್ಡ; ಅದರ ಹೊಟ್ಟೆ ಬಗೆದು ಸಾಲಾಗಿ ಕಡೆದ ಗವಿಗಳು; ಕೆಳಗೆ ಹೊಳೆ. ಒಂದು ಕಾಲಕ್ಕೆ ಭಿಕ್ಷುಗಳು ಇದ್ದು, ಧ್ಯಾನ ಮಾಡಿ, ಓದಿಕೊಂಡಿದ್ದ ಮಠಗಳವು. ಉಳಿದವರಿಗೆಲ್ಲ ಕಂಬ ಕಂಡವು, ಚಿತ್ರ ಕಂಡವು. ಗನಿಗೆ ಕಂಡದ್ದು ನೆರಳು ಮತ್ತು ತಂಪು.

ಗೈಡು ಕೈ ಬೀಸಿ ಬೀಸಿ ರಾಜರು, ವ್ಯಾಪಾರಿಗಳು, ಉಳಿ, ಬಣ್ಣ ಎಂದು ಉಸಿರು ಕಟ್ಟುವವರೆಗೆ ಹೇಳಿದ. ಎಲ್ಲರೂ ಗನಿಯತ್ತ ತಿರುಗಿದರು.

"ಭಾಳ ಹಳೇದಂತ್ರಿ," ಎಂದ ಗನಿ.

"ಅಷ್ಟೊತ್ತು ಒದರಿದ್ದು ಇಷ್ಟಾ?" ಸಕ್ಕುಬಾಯಿಗೆ ಅನುಮಾನ.

"ಕೈಲೇ ಕಡದಾರಂತ್ರಿ."

"ಮತ್ತ ಕಾಲಲೇ ಯಾರ ಕಡೀತಾರ?"

ಮುಂದಿನ ಗವಿಯೊಂದರಲ್ಲಿ ಬುದ್ಧನ ಭಾರಿ ವಿಗ್ರಹ. ಬಲಗೈ ಕೆನ್ನೆಗಿಟ್ಟು, ಕಣ್ಣು ಮುಚ್ಚಿ, ಗೋಡೆಯುದ್ದಕ್ಕೂ ಮಲಗಿದ್ದಾನೆ. ಗೈಡು ತಗ್ಗಿದ ದನಿಯಲ್ಲಿ ಏನೇನೋ ಹೇಳಿದ. ಗನಿ ನೋಡಿದ, ನೋಡಿಯೇ ನೋಡಿದ.

"ಮಕ್ಕೊಂಡಾರ್ರಿ," ಎಂದ. ಅವನ ಕಣ್ಣಲ್ಲಿ ನೀರಾಡಿತು.

"ಅದಕ ನೀವ್ಯಾಕ ಅಳಾಕತ್ತೀರಿ?" ಎಂದಳು ಸಕ್ಕುಬಾಯಿ.

ತನ್ನ ಅಷ್ಟು ಮಾತಿಗೆ ಇಷ್ಟೇ ಅನುವಾದವೇ ಎಂದು ಗೈಡು ಮುನಿಸಿಕೊಂಡು ಹೊರಟುಹೋದ. ಹೆಂಗಸರು ನೆರಳಲ್ಲಿ ಕೂತು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದರು. ಅದೇ ಸಮಯ ನೋಡಿ ಗನಿ, "ನೀರ ಕುಡದ ಬರ್ತೇನ್ರಿ," ಎಂದು ಜಾರಿದ.

ಚಿತ್ರಗಿತ್ರ ಇಲ್ಲದ, ಜನ ಇಣುಕಿಯೂ ನೋಡದ ಒಂದು ಹಳೆಯ ಗವಿ ಸಿಕ್ಕಿತು. ಒಳಗೆ ಸುತ್ತಲೂ ಕತ್ತಲೆಯ ಪುಟ್ಟ ಕೋಣೆಗಳು. ಕೋಣೆಯಲ್ಲಿ, ಅಲ್ಲಾಹ್ ದೊಡ್ಡವನು, ಕಲ್ಲಿನಲ್ಲೇ ಕಡೆದ ಮಂಚ! ಭಿಕ್ಷುಗಳು ಎಲ್ಲವನ್ನೂ ಬಿಟ್ಟಿದ್ದರು, ನಿದ್ದೆಯೊಂದನ್ನು ಬಿಟ್ಟಿರಲಿಲ್ಲ. ಗನಿ ಬೆನ್ನು ಚೆಲ್ಲಿದ. ಸೊಳ್ಳೆ ಗುಂಯ್ ಎಂದಿತು. ಹಸಿರು ಚಾದರನ್ನು ಕಾಲಿನಿಂದ ತಲೆಯವರೆಗೆ ಎಳೆದುಕೊಂಡ.

ಎಷ್ಟು ಹೊತ್ತಾಗಿತ್ತೋ, ತಲೆಯ ಬಳಿ 'ಟಪ್' ಎಂದಿತು. ತಣ್ಣನೆಯ ನೀರು ಕಿವಿಗಿಳಿಯಿತು. ಯಾರೋ ಮಂಚದ ಅಂಚಿಗೆ ತೆಂಗಿನಕಾಯಿ ಒಡೆದಿದ್ದರು!

"ಅಷ್ಟ ಗವಿ ತಿರುಗಿದ ಮ್ಯಾಲ ಒಂದಾ ಗದ್ದಗಿ ಸಿಕ್ತು ನೋಡ್ರೇ," ಸುಭದ್ರಾಬಾಯಿಯ ದನಿ. "ಎಷ್ಟ ಛಂದ ಗಲೀಫ ಹೊದಸ್ಯಾರ. ಯಾವ ಅಜ್ಜನೋ, ಏನೋ!"

ಅವರ ಸೀಮೆಯಲ್ಲಿ ಕಲ್ಲುಕಟ್ಟೆಯ ಮೇಲೆ ಗಲೀಫ, ಅಂದರೆ ಜರಿಬಟ್ಟೆ, ಹೊದಿಸಿದ್ದರೆ ಅದು ಅಜ್ಜ ಎನಿಸಿಕೊಂಡ ಯಾರೋ ಶರಣರ ಗದ್ದುಗೆ, ಇಲ್ಲವೇ ದರ್ಗಾ. ಯಾರದೆಂದು ಕೇಳುವುದಕ್ಕಿಂತ ಮೊದಲೇ ಕೈಮುಗಿಯುವುದು ರೂಢಿ. ಆಳಂದದ ದರ್ಗಾದಲ್ಲಿ ಸಕ್ಕರೆ ಹಂಚಿ ಬಂದ ಹೆಂಗಸರೇ ಇವರು.

"ಗದ್ದಗಿ ಉಸರಾಡಿದಂಗ ಕಾಣತದ ಬೇ," ಎಂದು ಸುಮಿತ್ರಾಬಾಯಿ ಪಿಸುಗುಟ್ಟಿದಳು.

"ಭಾಳ ಜಾಗೃತ ಇರಬೇಕು. ಬಗ್ಗು, ಬಗ್ಗು!"

ಗನಿ ಉಸಿರು ಬಿಗಿಹಿಡಿದ. ಈಗ ಎದ್ದು ಕೂತರೆ, ಎದೆಗೆ ಗುಳಿಗೆ ನುಂಗುವ ಸುಭದ್ರಾಬಾಯಿ ಇಲ್ಲೇ ಲಿಂಗೈಕ್ಯರಾಗುವುದು ಖಂಡಿತ. ಹೆಣದಂತೆ ಬಿದ್ದುಕೊಂಡ. ಎದೆಯ ಮೇಲೆ ಚೆಂಡುಹೂ ಬಿದ್ದವು. ಸುಭದ್ರಾಬಾಯಿ ಬೇಡಿಕೊಳ್ಳತೊಡಗಿದರು:

"ಅಜ್ಜಾ, ನನಗ ಮತ್ತೇನೂ ಬ್ಯಾಡ. ಊರ ಮುಟ್ಟೋತನ ನಮ್ಮ ಡ್ರೈವರಗ ನಿದ್ದಿ ಬರಬಾರ್ದು. ಬಂದದ್ದನ್ನೂ ನೀ ಕಿತ್ತಗೋ!"

"ಕಿತ್ತಗೋ ಅಜ್ಜಾ!" ಎಂದರು ಎಲ್ಲರೂ.

ಮನುಷ್ಯನ ಸಹನೆಗೂ ಒಂದು ಮಿತಿಯಿದೆ. ನಿದ್ದೆಗೆಟ್ಟು ಒಡೆದ ಗಂಟಲಿನಿಂದ ಚಾದರು ಮಾತಾಡಿತು:

"ಆ ಡ್ರೈವರಗ... ಮಕ್ಕೊಳ್ಳಾಕ... ಬಿಡ್ರೇ..."

ಕಲ್ಲಿನ ಕೋಣೆ ಆ ಮಾತನ್ನು ಗುಡುಗಿನಂತೆ ತಿರುಗಿಸಿ ಒಪ್ಪಿಸಿತು. ಮರುಗಳಿಗೆ ಅಲ್ಲಿ ಅರ್ಧ ತೆಂಗಿನಕಾಯಿ ಬಿಟ್ಟರೆ ಯಾರೂ ಇರಲಿಲ್ಲ.

ಗನಿ ಚಾದರು ಮಡಚಿ, ಏನೂ ಅರಿಯದವನಂತೆ ಗಾಡಿಯ ಬಳಿ ಬಂದಾಗ ಹೆಂಗಸರೆಲ್ಲ ಕೈಮುಗಿದು ನಿಂತಿದ್ದರು.

"ಎಲ್ಲಿ ಹೋಗಿದ್ದ್ಯೋ ತಮ್ಮಾ? ಗವ್ಯಾಗ ಅಜ್ಜ ಮಾತಾಡಿದ! ಅದೂ ನಮ್ಮ ಕನ್ನಡದಾಗ!" ಸುಭದ್ರಾಬಾಯಿ ಗವಿಯತ್ತ ತಿರುಗಿ ಮತ್ತೊಮ್ಮೆ ಕೈಮುಗಿದರು. "ನಿನಗ ಮಕ್ಕೊಳ್ಳಾಕ ಬಿಡು ಅಂದ. ಏನ್ ಪುಣ್ಯ ಮಾಡಿದ್ದ್ಯೋ!"

"ಹಿರೇರ ಮಾತು ಮೀರಬಾರ್ದ್ರಿ," ಎಂದ ಗನಿ ಗಂಭೀರವಾಗಿ.

ಹಿಂದಿನ ಸೀಟಿನಲ್ಲಿ ಕೌದಿ ಹಾಸಿತ್ತು, ದಿಂಬಿಗೆ ಸೀರೆ ಮಡಚಿಟ್ಟಿತ್ತು. ಸಕ್ಕುಬಾಯಿ ಬೀಸಣಿಗೆ ಹಿಡಿದಳು. ಗನಿ ಮೈಚೆಲ್ಲಿದ. ನಿದ್ದೆ ಕಾಲಬೆರಳಿನಿಂದ ಮೆಲ್ಲಗೆ ಮೇಲೇರಿ ಮೊಣಕಾಲು ದಾಟಿತು, ಎದೆಗೆ ಬಂತು.

ಅಷ್ಟರಲ್ಲಿ ಗಾಡಿ ಗುರ್ ಎಂದಿತು.

ಗನಿ ಕಣ್ಣು ಬಿಟ್ಟ. ಸ್ಟೇರಿಂಗಿನ ಮುಂದೆ ಸೆರಗು ಸಿಕ್ಕಿಸಿಕೊಂಡು ಸುಮಿತ್ರಾಬಾಯಿ ಕೂತಿದ್ದಳು.

"ಬಾಯಾರ! ಏನಿದು?"

"ನೀವ ಮಕ್ಕೋರಿ ಗನಿಭಾಯ್. ಯಡ್ರಾಮಿ ಹೊಲದಾಗ ಟ್ರ್ಯಾಕ್ಟರ್ ಹೊಡದೇನಿ ನಾ. ಇದಕೂ ನಾಕಾ ಗಾಲಿ ಅಲ್ಲೇನ್ರಿ?"

"ಲೈಸನ್ಸ?"

"ಅಜ್ಜನ ಅಪ್ಪಣಿ ಅದ," ಎಂದರು ಸುಭದ್ರಾಬಾಯಿ. "ಅದರ ಮ್ಯಾಲ ಲೈಸನ್ಸ ಯಾಕ ಬೇಕು?"

"ನನ್ನ ನಿದ್ದಿ ಪೂರಾ ಹೋಯ್ತ್ರಿ ಅಮ್ಮಾರ! ಆ ಅಜ್ಜ ನಾನಾ ಇದ್ದೆ! ಚಾದರ ಹೊತಗೊಂಡ ನಾನಾ ಮಕ್ಕೊಂಡಿದ್ದೆ!"

"ಎಪ್ಪಾ, ನಿದ್ದಿಗಣ್ಣಾಗ ಏನೇನೋ ಬಡಬಡಸಾಕತ್ತಾನ. ಒತ್ತಿ ಹಿಡೀರೇ ಅವಗ!"

ಮುಂದೆ ಹೋಗಲೆಂದು ಸುಮಿತ್ರಾಬಾಯಿ ಗೇರು ಹಾಕಿದಳು. ಗಾಡಿ ಹಿಂದೆ ಹೋಗಿ, ಬೇವಿನ ಮರವನ್ನೊಮ್ಮೆ ಮಾತಾಡಿಸಿ, ಆಮೇಲೆ ರಸ್ತೆ ಹಿಡಿಯಿತು. ಇಬ್ಬರು ಹೆಂಗಸರು ತೋಳು ಹಿಡಿದಿದ್ದರು, ಇಬ್ಬರು ಕಾಲು ಒತ್ತುತ್ತಿದ್ದರು.

ಅಬ್ದುಲ್ ಗನಿ ಜೇವರ್ಗಿಯವರೆಗೆ ಮಲಗಿಯೇ ಬಂದ. ಕಣ್ಣು ಮಾತ್ರ ಒಮ್ಮೆಯೂ ಮುಚ್ಚಲಿಲ್ಲ.